ಬ್ರೇಕಮ್ಮನ ಅರ್ಧ ಗಂಟೆ

ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸುವ ಹೆಂಗಸು ತಾನು ಮಾತ್ರ ಸೈಕಲ್ಲಿನಲ್ಲಿ ಬರುತ್ತಾಳೆಂದರೆ ಜನ ಸುಮ್ಮನಿರುತ್ತಾರೆಯೇ? ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಸೇರಿದವರಲ್ಲಿ ಕೆಲವರು, "ಮೇಡಂ, ನಿಮಗೇ ಕಾರಿಲ್ವಾ?" ಎಂದು ನೇರವಾಗಿ ಕೇಳಿಬಿಡುತ್ತಿದ್ದರು. ಕೇಳಲು ನಾಚಿಕೆಯಾದವರು ಸೈಕಲ್ಲನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಆಗಲೇ ಕಟ್ಟಿಬಿಟ್ಟ ಫೀಸಿನ ಚಿಂತೆಗೆ ಬೀಳುತ್ತಿದ್ದರು.

"ಇಡೀ ದಿನ ಸ್ಟೀರಿಂಗು ನಿಮ್ಮ ಕೈಲಿ ಇರುತ್ತಲ್ಲಪ್ಪಾ," ಎಂದು ಅವಳು ಉತ್ತರ ಕೊಡುತ್ತಿದ್ದಳು. "ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆಯಾದ್ರೂ ನನ್ನ ಜೀವ ನನ್ನ ಕೈಲಿರ್ಲಿ."

ತಮಾಷೆ ಅಂದುಕೊಂಡು ಎಲ್ಲರೂ ನಗುತ್ತಿದ್ದರು. ಅವಳು ಹೇಳುತ್ತಿದ್ದುದು ಅಪ್ಪಟ ನಿಜ. ಮನೆಯಲ್ಲಿ ಕಣ್ಣು ಬಿಟ್ಟ ಕ್ಷಣದಿಂದ "ನನ್ನ ಕನ್ನಡಕ ಎಲ್ಲಿ" ಎನ್ನುವ ಗಂಡ, "ನನ್ನ ಮಾತ್ರೆ ಎಲ್ಲಿ" ಎನ್ನುವ ಅತ್ತೆ. ಸ್ಕೂಲಿಗೆ ಬಂದರೆ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಬಗ್ಗಿ ನೋಡುತ್ತಲೇ ಲಾರಿಯ ಎದುರಿಗೆ ನುಗ್ಗುವ ಮಹಾನುಭಾವರು. ಇವೆರಡರ ನಡುವೆ ಸೈಕಲ್ಲಿನ ಮೇಲೆ ಕಳೆಯುವ ಆ ಅರ್ಧ ಗಂಟೆ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಆಗ ಅವಳು ರಾಗವಿಲ್ಲದೆ ಹಾಡುತ್ತಿದ್ದಳು, ತನ್ನಷ್ಟಕ್ಕೆ ತಾನೇ ಜಗಳವಾಡಿ ಗೆಲ್ಲುತ್ತಿದ್ದಳು, ಎಷ್ಟೋ ಸಲ ಏನನ್ನೂ ಯೋಚಿಸದೆ ಹಾಯಾಗಿ ಇರುತ್ತಿದ್ದಳು. ಆ ಸುಖ ಏನೆಂದು ಮನೆಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ವ್ಯಾಯಾಮ ಎಂದು ಹೇಳಿಬಿಟ್ಟಿದ್ದಳು.

ಅವಳ ಅಡ್ಡಹೆಸರು ಬ್ರೇಕಮ್ಮ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವನು ತಪ್ಪಿದರೆ ಕಲಿಸುವವಳ ಕೈಯಲ್ಲಿ, ಅಂದರೆ ಕಾಲಲ್ಲಿ, ಇರುವ ಆಸರೆ ಅದೊಂದೇ. ಇಪ್ಪತ್ತು ವರ್ಷದ ಹತ್ತಿರ ಅದನ್ನು ಒತ್ತಿ ಒತ್ತಿ ಅವಳ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಟಿವಿಯಲ್ಲಿ ಯಾರೋ ಮೆಟ್ಟಿಲಿಂದ ಜಾರಿದರೆ ಸೋಫಾದ ಮುಂದೆ ಧಡ್ ಎಂದು ಅವಳ ಕಾಲು ನೆಲಕ್ಕೆ ಬಡಿಯುತ್ತಿತ್ತು. ಹಲ್ಲಿನ ಡಾಕ್ಟರು ಸೂಜಿ ಎತ್ತಿದರೂ ಅಷ್ಟೆ. ಆದರೆ ಸ್ಟೀರಿಂಗಿಗೆ ಮಾತ್ರ ಅವಳು ಎಂದೂ ಕೈ ಹಾಕಿದವಳಲ್ಲ. "ನಿಲ್ಲಿಸೋದು ನನ್ನ ಕೆಲಸ, ತಿರುಗಿಸೋದು ನಿಮ್ಮ ಕೆಲಸ. ನಾನೇ ತಿರುಗಿಸಿಕೊಟ್ರೆ ನೀವು ಸಾಯೋವರೆಗೂ ಕಲಿಯಲ್ಲ," ಎನ್ನುವುದು ಅವಳ ಪಾಠದ ಪದ್ಧತಿ.

ಈ ಬಲಗಾಲಿನ ಬುದ್ಧಿವಂತಿಕೆಯೇ ಸೈಕಲ್ಲಿನ ಮೇಲೆ ಅವಳಿಗೆ ಮುಳುವಾಯಿತು. ಸೈಕಲ್ಲಿನ ಬ್ರೇಕು ಕೈಯಲ್ಲಿದೆ ಎಂದು ತಲೆಗೆ ಗೊತ್ತು. ಕಾಲಿಗೆ ಎಲ್ಲಿ ಗೊತ್ತು? ಎದುರಿಗೆ ಅಪಾಯ ಕಂಡ ಕೂಡಲೇ ಬಲಗಾಲು ಧಡ್ ಎಂದು ಕೆಳಗೆ ಒತ್ತುತ್ತಿತ್ತು. ಅಲ್ಲಿರುವುದು ಪೆಡಲ್ಲು! ನಿಲ್ಲಬೇಕಾದ ಸೈಕಲ್ಲು ಇನ್ನಷ್ಟು ಜೋರಾಗಿ ಮುಂದಕ್ಕೆ ಹಾರುತ್ತಿತ್ತು. ಮೊದಲ ಸಲ ಹೀಗಾದದ್ದು, ಒಂದು ಬಸ್ಸು ಅವಳನ್ನು ಹಿಂದೆ ಹಾಕಿದ್ದೇ ತಡ ಗಕ್ಕನೆ ಅವಳ ಮುಂದೆಯೇ ನಿಂತಾಗ. ಬಸ್ಸಿನ ಹಿಂಬದಿಯಲ್ಲಿ ಟೂತ್‌ಪೇಸ್ಟಿನ ಜಾಹೀರಾತಿತ್ತು. ನಗುತ್ತಿದ್ದ ಆ ಹಲ್ಲುಗಳಿಗೇ ಹೋಗಿ ಮುಖ ಕೊಟ್ಟಳು. ಎರಡನೇ ಸಲ ಮನೆಯ ಗೇಟಿನೆದುರೇ, ಅಡ್ಡ ಬಂದ ಬೆಕ್ಕಿನ ದೆಸೆಯಿಂದ, ಅದೂ ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿರುವಾಗ ಬಿದ್ದಳು. ಬೆಕ್ಕು ಮಾತ್ರ ಏನೂ ಆಗಿಲ್ಲವೆಂಬಂತೆ ಮೈ ನೆಕ್ಕಿಕೊಳ್ಳುತ್ತ ಕೂತಿತ್ತು.

ಬೀಳದೆ ಇದ್ದ ದಿನಗಳಲ್ಲಿ ರಸ್ತೆ ಅವಳನ್ನು ಸುಮ್ಮನೆ ಬಿಡುತ್ತಿತ್ತು ಎಂದೇನೂ ಅಲ್ಲ. ಸೈಕಲ್ಲಿಗೆಂದೇ ರಸ್ತೆಯ ಅಂಚಿನಲ್ಲಿ ಹಸಿರು ಪಟ್ಟಿ ಬಳಿದಿದ್ದರು. ಅದರ ಮೇಲೆ ಒಬ್ಬನ ಕಾರು, ಇನ್ನೊಬ್ಬನ ಹೂಕುಂಡ, ಮತ್ತೊಬ್ಬನ ಮನೆ ಕಟ್ಟುವ ಜಲ್ಲಿ ರಾಶಿ, ಎಲ್ಲವೂ ಇರುತ್ತಿದ್ದವು. ಸೈಕಲ್ಲಿಗೆ ಮಾತ್ರ ಜಾಗವಿರುತ್ತಿರಲಿಲ್ಲ. ಪಟ್ಟಿ ಬಿಟ್ಟು ರಸ್ತೆಗೆ ಇಳಿದರೆ ಹಿಂದಿನಿಂದ ಹಾರ್ನು, "ಪಟ್ಟಿ ಮಾಡಿಕೊಟ್ಟಿಲ್ವಾ ನಿಮಗೆ?" ಎಂಬ ಬೈಗುಳ. ಎಲ್ಲಕ್ಕಿಂತ ಹೊಟ್ಟೆ ಉರಿಸುತ್ತಿದ್ದವರು ಅವಳ ಕೈಯಲ್ಲೇ ಕಲಿತು ಪಾಸಾದವರು. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಜೀವ ಉಳಿಸಿಕೊಟ್ಟವಳನ್ನೇ ಚರಂಡಿಯ ತುದಿಯವರೆಗೂ ಒತ್ತರಿಸಿಕೊಂಡು ಹೋಗಿ, ಗಾಜು ಇಳಿಸಿ, "ಗುಡ್ ಮಾರ್ನಿಂಗ್ ಮೇಡಂ!" ಎಂದು ಹಲ್ಲು ಕಿರಿಯುತ್ತಿದ್ದರು. ವಿನಯಕ್ಕೇನೂ ಕೊರತೆಯಿರಲಿಲ್ಲ.

ಇನ್ನು ಗಂಡ. ವಿಮೆ ಕಂಪನಿಯಲ್ಲಿ ಅವನ ಕೆಲಸವೆಂದರೆ ಜಖಂ ಆದ ಗಾಡಿಗಳನ್ನು ನೋಡಿ, ತಪ್ಪು ಯಾರದು ಎಷ್ಟು ಎಂದು ತೀರ್ಮಾನ ಹೇಳುವುದು. ದಿನವೂ ನಜ್ಜುಗುಜ್ಜಾದ ತಗಡು ನೋಡಿ ನೋಡಿ ಅವನಿಗೆ ರಸ್ತೆಯೆಂದರೆ ಪ್ರಾಣಭಯ. ಸ್ವತಃ ಕಾರು ಓಡಿಸಲು ಕಲಿಯಲೇ ಇಲ್ಲ. ಕಚೇರಿಯ ಗೆಳೆಯನೊಬ್ಬನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದು ಹೋಗಿ ಬರುತ್ತಿದ್ದ. ಸಂಜೆ ಊಟಕ್ಕೆ ಕೂತರೆ ಅಂದಿನ ಅಪಘಾತಗಳ ವರದಿ ತಟ್ಟೆಯ ಪಕ್ಕದಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಬ್ರೇಕಮ್ಮ ಮನಸ್ಸಿನಲ್ಲೇ ಅವನಿಗೆ ಅಪಘಾತರಾಯ ಎಂದು ಹೆಸರಿಟ್ಟಿದ್ದಳು. ಅವನಿಗೆ ಅವಳ ಮೇಲೆ ಪ್ರೀತಿ ಬಹಳ, ಅದು ಹೊರಗೆ ಬರುತ್ತಿದ್ದುದು ಮಾತ್ರ ಹೆದರಿಕೆಯ ರೂಪದಲ್ಲಿ.

ಬೆಕ್ಕಿನ ಪ್ರಕರಣವಾದ ಸಂಜೆ ಮನೆಯಲ್ಲಿ ನ್ಯಾಯ ಕೂಡಿತು. ನ್ಯಾಯಾಧೀಶರು ಅತ್ತೆ. ಅವರು ಒಂದು ಮಾತು ಹೇಳಿದರೆಂದರೆ ಆ ಮನೆಯಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ.

"ಎರಡು ಸಲ ಬಿದ್ದಿದೀಯ. ಇನ್ನೊಂದು ಸಲ ಬಿದ್ರೆ ಸೈಕಲ್ಲು ಗುಜರಿಯವನಿಗೆ," ಎಂದರು ಅತ್ತೆ. "ನನ್ನ ಮಗ ಹೇಳೋದ್ರಲ್ಲೂ ಅರ್ಥ ಇದೆ. ಈ ವಯಸ್ಸಿನಲ್ಲಿ ಮೂಳೆ ಮುರಿದ್ರೆ ಕೂಡಲ್ಲಮ್ಮ."

"ಆಗಲಿ ಅತ್ತೆ," ಎಂದಳು ಬ್ರೇಕಮ್ಮ. ಬೇರೇನು ಹೇಳಲು ಸಾಧ್ಯವಿತ್ತು? ಇನ್ನು ಒಂದೇ ಒಂದು ಸಲ ಬಿದ್ದರೆ, ದಿನದಲ್ಲಿ ತನ್ನದು ಎಂದು ಉಳಿದಿದ್ದ ಅರ್ಧ ಗಂಟೆಯೂ ಹೋಗುತ್ತದೆ. ಮರುದಿನದಿಂದ ಅವಳು ಸೈಕಲ್ಲನ್ನು ಮೊಟ್ಟೆಯ ಬುಟ್ಟಿ ಹೊತ್ತವಳಂತೆ ನಡೆಸಿದಳು. ಬೆಕ್ಕು ಕಂಡರೆ ದೂರದಲ್ಲೇ ಇಳಿದು, ಅದು ದಾಟುವವರೆಗೂ ಕೈಕಟ್ಟಿ ನಿಲ್ಲುತ್ತಿದ್ದಳು.

ಆ ಬೆಳಗ್ಗೆ ರಸ್ತೆ ಅಪರೂಪಕ್ಕೆ ಖಾಲಿಯಾಗಿತ್ತು. ಹಸಿರು ಪಟ್ಟಿಯ ಮೇಲೂ ಏನೂ ಇರಲಿಲ್ಲ. ಅದೇ ಖುಷಿಗೆ ಬ್ರೇಕಮ್ಮ ಒಂದು ಹಾಡು ಎತ್ತಿಕೊಂಡಿದ್ದಳು. ಪಟ್ಟಿಯ ಪಕ್ಕಕ್ಕೆ ಒಂದು ಬಿಳಿ ಕಾರು ಬಂದು ನಿಂತಿತು. ನಿಂತದ್ದೇ ತಡ, ಹಿಂದೆ ಮುಂದೆ ನೋಡದೆ ಯಾರೋ ಬಾಗಿಲನ್ನು ಪೂರ್ತಿ ತೆರೆದರು. ಬಾಗಿಲು ಬಂದು ನಿಂತದ್ದು ಸರಿಯಾಗಿ ಅವಳ ಮೂಗಿನೆದುರು. ಕೈ ಬ್ರೇಕು ಹುಡುಕುವಷ್ಟರಲ್ಲಿ ಬಲಗಾಲು ತನ್ನ ಕೆಲಸ ಮಾಡಿ ಮುಗಿಸಿತ್ತು. ಸೈಕಲ್ಲು ಹಾರಿತು, ಬಾಗಿಲು ಕಿರ್ರೆಂದು ಇನ್ನೊಂದು ಕಡೆಗೆ ಮಡಚಿಕೊಂಡಿತು, ಬ್ರೇಕಮ್ಮ ಹಾಡಿನ ಸಮೇತ ನೆಲಕ್ಕೆ ಬಿದ್ದಳು.

ಹೆಲ್ಮೆಟ್ಟು ಮುಂದಕ್ಕೆ ಜಾರಿ ಕಣ್ಣು ಮುಚ್ಚಿತ್ತು. ಏನೂ ಕಾಣುತ್ತಿರಲಿಲ್ಲ, ಆದರೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

"ಏನ್ರೀ! ಕಣ್ಣು ಮುಚ್ಕೊಂಡು ಸೈಕಲ್ ಹೊಡೀತೀರಾ?" ಎಂದು ಕಾರಿನಿಂದ ಇಳಿದವನು ಗರ್ಜಿಸಿದ. "ನಿಂತಿರೋ ಕಾರಿಗೆ ಬಂದು ಗುದ್ದಿದೀರಲ್ಲ! ತಪ್ಪು ನೂರಕ್ಕೆ ನೂರು ನಿಮ್ಮದೇ. ಬರೆದು ಕೊಡ್ತೀನಿ ಬೇಕಾದ್ರೆ!"

ಬ್ರೇಕಮ್ಮ ನೋವಿಲ್ಲದ ಕೈಯಿಂದ ಹೆಲ್ಮೆಟ್ಟನ್ನು ನಿಧಾನವಾಗಿ ಮೇಲಕ್ಕೆತ್ತಿದಳು.

"ಹೌದೇನ್ರೀ?" ಎಂದಳು.

ಅಪಘಾತರಾಯನ ಮುಖ ಹರಳೆಣ್ಣೆ ಕುಡಿದಂತಾಯಿತು. ಕಾರು ಓಡಿಸುತ್ತಿದ್ದ ಗೆಳೆಯ ಓಡಿಬಂದು ಬಾಗಿಲನ್ನು ತಬ್ಬಿಕೊಂಡು, "ಹೋದ ವಾರ ತಾನೇ ಪಾಲಿಶ್ ಮಾಡಿಸಿದ್ದೆ!" ಎಂದು ಗೋಳಾಡಿದ. ಗಂಡ ಬಂದು ಹೆಂಡತಿಯ ಪಕ್ಕ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತ.

ಊರಿನಲ್ಲಿ ಅವಳ ಹತ್ತಿರ ಕಲಿತವರಿಗೆಲ್ಲ ಬಾಗಿಲು ತೆರೆಯುವುದಕ್ಕೆಂದೇ ಒಂದು ದಿನದ ಪಾಠವಿತ್ತು. ಹತ್ತಿರದ ಕೈಯಿಂದ ತೆರೆಯಬಾರದು, ದೂರದ ಕೈ ಚಾಚಿ ತೆರೆಯಬೇಕು. ಆಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಸಾವಿರಾರು ಜನರ ಕೈಯಲ್ಲಿ ಮಾಡಿಸಿದ್ದಳು. ಒಂದೇ ಹಾಸಿಗೆಯಲ್ಲಿ ಮಲಗುವ ಈ ಮನುಷ್ಯನಿಗೆ ಹೇಳಿಕೊಡಬೇಕೆಂದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ. ಅವನು ಡ್ರೈವರಲ್ಲವಲ್ಲ, ಬರೀ ಪಕ್ಕದಲ್ಲಿ ಕೂರುವವನು ಎಂದು ಬಿಟ್ಟಿದ್ದಳು.

ಕ್ಲಿನಿಕ್ಕಿನಲ್ಲಿ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತ ನರ್ಸಮ್ಮ, "ಯಾರು ಬಾಗಿಲು ತೆಗೆದದ್ದು?" ಎಂದು ಕೇಳಿದಳು.

"ಯಾರೋ," ಎಂದ ಗಂಡ, ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ.

ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಸೈಕಲ್ಲಿಗೂ ಹ್ಯಾಂಡಲ್ಲು ಸೊಟ್ಟಗಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅದನ್ನು ರಿಪೇರಿಗೆ ಬಿಟ್ಟು ಟ್ಯಾಕ್ಸಿಯಲ್ಲಿ ಮನೆಗೆ ಹೋಗುವಾಗ ಗಂಡ ಮೆಲ್ಲಗೆ ಶುರು ಮಾಡಿದ.

"ಅಮ್ಮನಿಗೆ ಹೇಳ್ಬೇಡವೇ. ಮಾನ ಹೋಗುತ್ತೆ. ಊರಿನ ತಪ್ಪೆಲ್ಲ ಅಳೆಯೋನು ನಾನು..."

"ನಾನು ಹೇಳಲ್ಲ," ಎಂದಳು ಬ್ರೇಕಮ್ಮ. ಅವನು ಉಸಿರು ಬಿಟ್ಟ. "ಆದ್ರೆ ನೀವೂ ಹೇಳದಿದ್ರೆ ನನ್ನ ಸೈಕಲ್ಲು ಹೋಗುತ್ತೆ. ಅದು ಗೊತ್ತಿದೆ ತಾನೆ?"

ಅವನು ಟ್ಯಾಕ್ಸಿಯ ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದ, ಅವಳಿಗೆ ಹಾಗೆ ಕೇಳಿ ಪಡೆಯುವುದು ಬೇಕಿರಲಿಲ್ಲ. ಇಷ್ಟು ವರ್ಷ ಯಾರ ಸ್ಟೀರಿಂಗನ್ನೂ ತಿರುಗಿಸಿಕೊಡದವಳು ಈಗ ಗಂಡನದ್ದನ್ನು ತಿರುಗಿಸಿಕೊಡುವುದೆಂದರೆ ಅವಳಿಗೆ ಒಗ್ಗದ ಮಾತು. ಕಿಟಕಿಯಾಚೆ ನೋಡುತ್ತ ಕೂತಳು. ಕಣ್ಣಲ್ಲಿ ನೀರು ಬಂತು. ಅದು ಕೈ ನೋವಿಗೆ ಬಂದದ್ದಲ್ಲ.

ಯಾರೋ ಕಾರಿನ ಬಾಗಿಲು ತೆರೆದದ್ದರಿಂದ ಬಿದ್ದಳು ಎಂದಷ್ಟೇ ಮಗ ಮನೆಗೆ ಬಂದಾಗ ಹೇಳಿದ್ದ. ಊಟದ ಮೇಜಿಗೆ ಕೂತಾಗ ಅತ್ತೆ ಸೊಸೆಯ ಕೈಯ ಪಟ್ಟಿಯನ್ನು ನೋಡಿದರು, ಮಗನ ಮುಖವನ್ನು ನೋಡಿದರು.

"ಯಾರೋ ಅದು ಬಾಗಿಲು ತೆಗೆದ ದರಿದ್ರ?" ಎಂದರು.

"ಯಾರೋ ಅಮ್ಮ. ಒಬ್ಬ ಮೂರ್ಖ," ಎಂದ ಮಗ.

ಅತ್ತೆಗೆ ಅಷ್ಟು ಸಾಕಾಯಿತು. ಬೈಗುಳದಲ್ಲಿ ಅವರದು ಎತ್ತಿದ ಕೈ. ಆ ಮೂರ್ಖನ ಕಣ್ಣಿನಿಂದ ಶುರು ಮಾಡಿ, ಅವನ ಕೈ, ಅವನ ತಲೆ, ತಲೆಯೊಳಗೆ ಇರಬೇಕಾಗಿದ್ದ ವಸ್ತು, ಒಂದನ್ನೂ ಬಿಡದೆ ವಿಚಾರಿಸಿಕೊಂಡರು. "ಮನುಷ್ಯನೋ ಮರದ ಕೊರಡೋ! ಹಿಂದೆ ತಿರುಗಿ ನೋಡೋಕೆ ಕುತ್ತಿಗೆ ಕೊಟ್ಟಿಲ್ವಾ ದೇವರು? ಹೆತ್ತವಳಾದ್ರೂ ಬುದ್ಧಿ ಹೇಳ್ಬಾರದಾ? ಎಂಥ ಬೆಪ್ಪು ಹೆಂಗಸೋ ಅವನ ತಾಯಿ!"

ಮಗ ತಲೆ ತಗ್ಗಿಸಿ ಒಂದೊಂದು ಬೈಗುಳವನ್ನೂ ಅನ್ನದ ಜೊತೆ ನುಂಗುತ್ತಿದ್ದ. ಬ್ರೇಕಮ್ಮನಿಗೆ ನಗು ತಡೆಯುವುದೇ ಕಷ್ಟವಾಗಿ ನೀರು ಕುಡಿದಳು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ.

"ಅವನು ಹಾಳಾಗಿ ಹೋಗಲಿ. ಮಾತು ಮಾತೇ," ಎಂದು ಅತ್ತೆ ದನಿ ಇಳಿಸಿದರು. "ನಾಳೆ ಗುಜರಿಯವನಿಗೆ ಹೇಳಿ ಕಳಿಸ್ತೀನಿ. ಬೇಜಾರು ಮಾಡ್ಕೋಬೇಡಮ್ಮ."

ಬ್ರೇಕಮ್ಮ ತಟ್ಟೆಯನ್ನೇ ನೋಡುತ್ತಿದ್ದಳು. ಗಂಡ ಗಂಟಲು ಸರಿಮಾಡಿಕೊಂಡ. ಹೇಳುತ್ತಾನೆ ಎಂದು ಅವಳ ಜೀವ ಕಿವಿಗೆ ಬಂತು.

"ಅವನು... ಒಬ್ಬ ದಪ್ಪ ಮನುಷ್ಯ ಅಮ್ಮ. ಬೇರೆ ಊರಿನವನಿರಬೇಕು. ಕೆಂಪು ಅಂಗಿ ಹಾಕಿದ್ದ, ತಪ್ಪಾಯ್ತು ಅಂತಾನೂ ಹೇಳ್ದೆ..."

ಮೇಜಿನ ಕೆಳಗೆ ಧಡ್ ಎಂದಿತು. ಬ್ರೇಕಮ್ಮ ಬೇಕೆಂದು ಒತ್ತಲಿಲ್ಲ. ಎದುರಿಗೆ ಗಾಡಿ ಹಳ್ಳಕ್ಕೆ ಹೋಗುತ್ತಿರುವುದನ್ನು ಕಂಡು ಕಾಲು ತಾನೇ ಒತ್ತಿತ್ತು. ಆ ಜಾಗದಲ್ಲಿ ಇದ್ದದ್ದು ಗಂಡನ ಪಾದ.

"ಅಯ್ಯಯ್ಯೋ!" ಎಂದು ಅವನು ಅರ್ಧ ಎದ್ದು ಕೂತ. ಹೆಂಡತಿಯನ್ನು ನೋಡಿದ. ಅವಳ ಕಣ್ಣಲ್ಲಿ ಕೋಪವಿರಲಿಲ್ಲ, ಕಾಯುತ್ತಿದ್ದಳು ಅಷ್ಟೆ.

"ಅಮ್ಮ," ಎಂದ ಅವನು. "ದಪ್ಪ ಮನುಷ್ಯನೂ ಇಲ್ಲ, ಕೆಂಪು ಅಂಗಿಯೂ ಇಲ್ಲ. ಬಾಗಿಲು ತೆಗೆದವನು ನಾನೇ. ಬೀಳಿಸಿದ್ದಲ್ದೆ ತಪ್ಪೆಲ್ಲ ನಿನ್ನದೇ ಅಂತ ಇವಳಿಗೇ ಬೈದುಬಿಟ್ಟೆ. ಇವಳು ಸರಿಯಾಗೇ ಬರ್ತಿದ್ಲು. ನಾನೇ ನೋಡ್ಲಿಲ್ಲ."

ಅತ್ತೆ ಕೈಲಿದ್ದ ಲೋಟವನ್ನು ಕೆಳಗಿಟ್ಟರು.

"ಹಾಗಾದ್ರೆ ಇಷ್ಟು ಹೊತ್ತು ನಾನು ಬೈದದ್ದು ನಿನ್ನನ್ನೇನೋ?"

"ಹೂಂ ಅಮ್ಮ."

"ಒಳ್ಳೇದೇ ಆಯ್ತು. ಒಂದು ಮಾತೂ ವಾಪಸ್ ತಗೊಳ್ಳಲ್ಲ," ಎಂದರು ಅತ್ತೆ. ಸ್ವಲ್ಪ ಯೋಚಿಸಿ, "ಆ ತಾಯಿಯ ವಿಷಯ ಒಂದು ಬಿಟ್ಟು," ಎಂದು ಸೇರಿಸಿದರು.

ಈ ಸಲ ಬ್ರೇಕಮ್ಮನ ನಗು ಯಾರ ಅಪ್ಪಣೆಗೂ ಕಾಯಲಿಲ್ಲ. ಅತ್ತೆಯೂ ನಕ್ಕರು. ಪಾದ ಉಜ್ಜಿಕೊಳ್ಳುತ್ತಿದ್ದ ಅಪಘಾತರಾಯ ಕೊನೆಗೆ ನಕ್ಕ, ಬೇರೆ ದಾರಿಯಿಲ್ಲದೆ. ತೀರ್ಪು ಅಲ್ಲೇ ತಿದ್ದುಪಡಿಯಾಯಿತು. ಸೈಕಲ್ಲು ಮನೆಯಲ್ಲೇ ಇರುತ್ತದೆ. ಸೊಸೆಯ ಕೈ ವಾಸಿಯಾಗುವವರೆಗೂ ಮಗ ಅದರಲ್ಲೇ ಕಚೇರಿಗೆ ಹೋಗತಕ್ಕದ್ದು.

"ನಾನಾ? ಸೈಕಲ್ಲಲ್ಲಾ?" ಎಂದು ಅವನು ಬೆವರಿದ.

"ಚಿಕ್ಕಂದಿನಲ್ಲಿ ಕೈಬಿಟ್ಟು ಹೊಡೀತಿದ್ಯಲ್ಲ, ಆ ಧೈರ್ಯ ಎಲ್ಲಿ ಹೋಯ್ತು?" ಎಂದರು ಅತ್ತೆ. ಅಲ್ಲಿಗೆ ಮುಗಿಯಿತು.

ಮೊದಲ ದಿನ ಅವನು ಬಿಳಿಚಿಕೊಂಡು ಮನೆಗೆ ಬಂದ. ಮರುದಿನ ಸಿಟ್ಟಿನಲ್ಲಿ ಕೆಂಪಾಗಿ ಬಂದ. "ಹಸಿರು ಪಟ್ಟಿ ಮೇಲೆ ಜಲ್ಲಿ ಸುರಿದಿದಾರೆ ಕಣೇ! ಬಸ್ಸಿನವನು ಮುಂದೆ ಬಂದು ಗಕ್ಕಂತ ನಿಲ್ಲಿಸ್ತಾನೆ! ನಿನಗೆ ಗೊತ್ತಾ?" ಎಂದು ಹೆಂಡತಿಗೇ ವರದಿ ಒಪ್ಪಿಸಿದ. ಅವಳು "ಹೌದಾ?" ಎಂದಳು. ಅವಳ ಕೈಯ ಪಟ್ಟಿ ಬಿಚ್ಚುವ ಹೊತ್ತಿಗೆ ಅವನು ಪೂರ್ತಿ ಮತಾಂತರ ಹೊಂದಿದ್ದ. ದಾರಿಯಲ್ಲಿ ನಿಂತ ಕಾರುಗಳ ಗಾಜು ತಟ್ಟಿ, ಬಾಗಿಲು ತೆರೆಯುವುದು ಹೇಗೆಂದು ಕಂಡಕಂಡವರಿಗೆ ಪಾಠ ಹೇಳುತ್ತಿದ್ದ. ಗೆಳೆಯನ ಕಾರು ಬಿಟ್ಟೇಬಿಟ್ಟ. ಹೆಂಡತಿಯ ಸೈಕಲ್ಲು ಒರೆಸಿ, ಎಣ್ಣೆ ಬಿಟ್ಟು ವಾಪಸ್ಸು ಕೊಟ್ಟ ದಿನವೇ ತನಗೂ ಹಳೆಯದೊಂದನ್ನು ಕೊಂಡು ತಂದ.

"ನಾಳೆಯಿಂದ ಇಬ್ರೂ ಜೊತೆಗೇ ಹೋಗೋಣ," ಎಂದ ಸಂಭ್ರಮದಿಂದ.

ಬ್ರೇಕಮ್ಮನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಹಾಗೆ ಶುರುವಾಯಿತು ಅವಳ ಹೊಸ ಕಷ್ಟ. ಅವನು ಹಿಂದೆಯೇ ಬರುತ್ತಿದ್ದ, ಬರುವಷ್ಟು ಹೊತ್ತೂ ಬಾಯಿಗೆ ಬಿಡುವಿರುತ್ತಿರಲಿಲ್ಲ. "ಮುಂದೆ ಗುಂಡಿ! ಎಡಕ್ಕೆ ಸರಿ! ಆ ಕಾರಿನಲ್ಲಿ ಜನ ಇದಾರೆ, ಬಾಗಿಲು ನೋಡ್ಕೋ! ಕೈ ತೋರಿಸು, ಕೈ!" ಹಾಡು ನಿಂತಿತು. ತನ್ನ ಜೊತೆ ತಾನು ಆಡುವ ಜಗಳ ನಿಂತಿತು. ಸೈಕಲ್ಲು ಉಳಿದಿತ್ತು, ಅದರ ಮೇಲಿನ ಅರ್ಧ ಗಂಟೆ ಮಾತ್ರ ಗುಜರಿಯವನ ಪಾಲಾಗಿತ್ತು. ಒಂದು ವಾರ ಹೊಟ್ಟೆಗೆ ಹಾಕಿಕೊಂಡಳು.

ನೀರಿನ ಟ್ಯಾಂಕಿನ ಹತ್ತಿರ ದಾರಿ ಎರಡಾಗುತ್ತದೆ. ಒಂದು ಸಮತಟ್ಟಾಗಿ, ಅವಳ ಸ್ಕೂಲೂ ಅವನ ಕಚೇರಿಯೂ ಇರುವ ಪೇಟೆಗೆ ನೇರ ಹೋಗುತ್ತದೆ, ಇನ್ನೊಂದು ಗುಡ್ಡ ಹತ್ತಿ ಸುತ್ತು ಹಾಕಿ ಅದೇ ಪೇಟೆಗೆ ಇಳಿಯುತ್ತದೆ. ಒಂದು ಬೆಳಗ್ಗೆ ಅಲ್ಲಿ ಅವಳು ಸೈಕಲ್ಲು ನಿಲ್ಲಿಸಿ ಕಾಲು ಊರಿದಳು. ಅವನೂ ಗಾಬರಿಯಿಂದ ನಿಲ್ಲಿಸಿದ.

"ಏನಾಯ್ತೇ? ಚೈನು ಬಿತ್ತಾ?"

"ಚೈನು ಸರಿ ಇದೆ," ಎಂದಳು. "ನೋಡಿ, ನಾನು ವ್ಯಾಯಾಮಕ್ಕೆ ಸೈಕಲ್ಲು ಹೊಡೀತೀನಿ ಅಂದದ್ದು ಸುಳ್ಳು. ದಿನವೆಲ್ಲ ಯಾರಾದ್ರೂ ನನ್ನ ಪಕ್ಕ ಇದ್ದೇ ಇರ್ತಾರೆ. ಈ ಅರ್ಧ ಗಂಟೆ ನನಗೆ ಯಾರೂ ಬೇಡ ಕಣ್ರೀ. ನೀವೂ ಬೇಡ."

ಅವನ ಮುಖ ಬಾಡಿತು. ಹ್ಯಾಂಡಲ್ಲಿನ ರಬ್ಬರನ್ನು ಹೆಬ್ಬೆರಳಿನಿಂದ ತಿಕ್ಕುತ್ತ ನಿಂತ.

"ನಿನ್ನ ಒಳ್ಳೇದಕ್ಕೇ ಅಲ್ವೇನೇ ನಾನು..."

"ಗೊತ್ತು. ಅದಕ್ಕೇ ಇಷ್ಟು ದಿನ ಹೇಳೋಕಾಗ್ಲಿಲ್ಲ."

ಅವನು ನೇರ ದಾರಿಯನ್ನು ನೋಡಿದ, ಗುಡ್ಡದ ದಾರಿಯನ್ನು ನೋಡಿದ. "ಹೋಗ್ಲಿ ಬಿಡು," ಎಂದ. ಗುಡ್ಡದ ಕಡೆಗೆ ಸೈಕಲ್ಲು ತಿರುಗಿಸಿದ. ಏರಿನಲ್ಲಿ ಸ್ವಲ್ಪ ದೂರ ತುಳಿದು, ಆಗದೆ ಇಳಿದು, ತಳ್ಳಿಕೊಂಡು ಹೋಗುವವರೆಗೂ ಅವಳು ನಿಂತು ನೋಡಿದಳು. ಕರೆಯಬೇಕು ಅನ್ನಿಸಿತು, ಕರೆಯಲಿಲ್ಲ.

ಸಂಜೆ ಅವಳು ಬಂದು ಕೈಕಾಲು ತೊಳೆದು ಕೂತು ಬಹಳ ಹೊತ್ತಾದ ಮೇಲೆ ಅವನು ಬಂದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಏದುಸಿರು ಬಿಡುತ್ತಿದ್ದ.

"ಏನೋ ಇದು ಅವತಾರ? ಇಷ್ಟು ಹೊತ್ತು ಯಾವ ದಾರೀಲಿ ಬಂದ್ಯೋ?" ಎಂದು ಅತ್ತೆ ಜಗಲಿಯಿಂದಲೇ ಕೇಳಿದರು.

ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಹೆಂಡತಿಯ ಕಡೆ ನೋಡಿದ.

"ಗುಡ್ಡದ ದಾರೀಲಿ. ನನಗೆ ಅದೇ ಹತ್ತಿರ ಅಮ್ಮ," ಎಂದ.

ಬ್ರೇಕಮ್ಮ ಒಳಗೆ ಹೋಗಿ ಎರಡು ಲೋಟ ನೀರು ತಂದಳು. ಎರಡನ್ನೂ ಅವನೇ ಕುಡಿದ.